‘ಅರ್ಥ ಆಯ್ತಾ?’ ಎಂದು ಕೇಳುವುದನ್ನು ಮೊದಲು ಬಿಡೋಣ

ಮಾನ್ಯ ಸಂಪಾದಕರೇ,

ಪ್ರತಿಭಾ ಕಾರಂಜಿ ಹತ್ತಿರ ಬಂತೆಂದರೆ ಶಾಲೆಗಳಲ್ಲಿ ಗಡಿಬಿಡಿ ಶುರು. ಕಂಠಪಾಠಕ್ಕೆ ಯಾರು, ಛದ್ಮವೇಷಕ್ಕೆ ಯಾರು, ಆಶುಭಾಷಣಕ್ಕೆ ಯಾರು ಎಂದು ಪಟ್ಟಿ ಮಾಡಲು ಕೂತರೆ ಪ್ರತಿ ತರಗತಿಯಿಂದಲೂ ಹೋದ ವರ್ಷದ ಅದೇ ನಾಲ್ಕೈದು ಹೆಸರು ಬರುತ್ತವೆ. ಅವರೇ ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್‌ಗೆ ಹೋಗುತ್ತಾರೆ, ಗೆದ್ದರೆ ತಾಲ್ಲೂಕಿಗೆ, ಜಿಲ್ಲೆಗೆ. ಅವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಊರಿಗೆಲ್ಲ ಖುಷಿ. ಉಳಿದ ಮಕ್ಕಳ ಪಾಲಿಗೆ ಶಾಮಿಯಾನದ ಕೆಳಗೆ ಕೂತು ಚಪ್ಪಾಳೆ ತಟ್ಟುವ ಕೆಲಸ. ಅಲ್ಲೇ ಚೀಟಿ ಎತ್ತಿ ಅಲ್ಲೇ ಯೋಚಿಸಿ ಮಾತಾಡಬೇಕಾದ ಆಶುಭಾಷಣಕ್ಕೂ, ಬರಬಹುದಾದ ಹತ್ತು ವಿಷಯಕ್ಕೆ ಹತ್ತು ಭಾಷಣ ಬರೆದುಕೊಟ್ಟು ಉರು ಹೊಡೆಸುವುದು ಈಗ ಮಾಮೂಲು. ಕ್ಲೇ ಮಾಡೆಲಿಂಗ್ ಮೇಜಿನ ಮೇಲೆ ಸಾಲಾಗಿ ಗಣಪತಿಗಳು.

ಇದು ಸ್ಪರ್ಧೆಯ ದೋಷ ಎನ್ನಲಾರೆ. ಮಗು ನಾಲ್ಕು ಜನರೆದುರು ಬಾಯಿ ಬಿಡುವುದೋ ಇಲ್ಲವೋ ಎಂಬುದು ಜೂನ್ ತಿಂಗಳಿಂದಲೇ ತರಗತಿಯೊಳಗೆ ತೀರ್ಮಾನವಾಗಿರುತ್ತದೆ. ನಾವು ಶಿಕ್ಷಕರು ಪ್ರಶ್ನೆ ಕೇಳುವ ರೀತಿ, ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರುತ್ತೇವೆ, ತಪ್ಪುತ್ತರ ಬಂದಾಗ ನಮ್ಮ ಮುಖ ಹೇಗಾಗುತ್ತದೆ, ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನು ಎಲ್ಲೆಲ್ಲಿ ಓಡಾಡುತ್ತದೆ, ಇವೇ ಅದನ್ನು ತೀರ್ಮಾನಿಸುವುದು. ಇವನ್ನು ಬದಲಾಯಿಸಲು ಸುತ್ತೋಲೆಯೂ ಬೇಡ, ಅನುದಾನವೂ ಬೇಡ. ಸಹಶಿಕ್ಷಕರ ಮತ್ತು ಪೋಷಕರ ಗಮನಕ್ಕೆಂದು ಕೆಲವು ವಿವರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ, ಕ್ಷಮಿಸಬೇಕು.

ನಮ್ಮ ತರಗತಿಗಳಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ‘ಅರ್ಥ ಆಯ್ತಾ?’ ಅದಕ್ಕೆ ಇಡೀ ತರಗತಿ ರಾಗ ಎಳೆದು ‘ಆಯ್ತು ಸಾ...ರ್’ ಎನ್ನುತ್ತದೆ. ಅರ್ಥವಾಗದವನೂ ಎನ್ನುತ್ತಾನೆ, ಆಗಲಿಲ್ಲ ಎನ್ನಬೇಕಾದರೆ ಅವನೊಬ್ಬನೇ ಎದ್ದು ನಿಲ್ಲಬೇಕಲ್ಲ. ಇದಕ್ಕೊಬ್ಬ ತಮ್ಮನಿದ್ದಾನೆ: ವಾಕ್ಯವನ್ನು ಮುಕ್ಕಾಲು ಹೇಳಿ ನಿಲ್ಲಿಸಿ ಬಾಲವನ್ನು ಮಕ್ಕಳಿಂದ ಹೇಳಿಸುವುದು. ‘ಸಸ್ಯಗಳು ಆಹಾರ ತಯಾರಿಸುವ ಕ್ರಿಯೆಗೆ ದ್ಯುತಿ...?’ ‘ಸಂಶ್ಲೇಷಣೆ!’ ಗದ್ದಲ ಜೋರಾಗಿರುತ್ತದೆ, ಭೇಟಿಗೆ ಬಂದ ಅಧಿಕಾರಿಗಳಿಗೂ ತರಗತಿ ಚುರುಕಾಗಿ ಕಾಣುತ್ತದೆ. ಆ ಗದ್ದಲದಲ್ಲಿ ನಾಲ್ಕು ಮಕ್ಕಳು ಹೇಳುತ್ತಾರೆ, ಉಳಿದವರು ಅರ್ಧ ಕ್ಷಣ ತಡವಾಗಿ ದನಿಗೂಡಿಸುತ್ತಾರೆ. ಹೀಗೆ ಏಳು ವರ್ಷ ಕಳೆದ ಮಗುವನ್ನು ಎಂಟನೇ ತರಗತಿಯಲ್ಲಿ ಎಬ್ಬಿಸಿ ‘ನಿನಗೇನನ್ನಿಸುತ್ತದೆ?’ ಎಂದರೆ ಅದು ಪಕ್ಕದವರ ಮುಖ ನೋಡದೆ ಇನ್ನೇನು ಮಾಡೀತು?

ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದ್ದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವವರು ಕಡಿಮೆಯಾದರು, ‘ದಡ್ಡರು’ ಎಂದು ಶಿಕ್ಷಕರು ಬದಿಗಿಟ್ಟಿದ್ದ ಮಕ್ಕಳು ಬಾಯಿ ಬಿಟ್ಟರು. ಕಾಯಬೇಕಾದ್ದು ಎರಡು ಕಡೆ ಎಂಬುದನ್ನೂ ಅವರು ಗುರುತಿಸಿದ್ದರು. ಪ್ರಶ್ನೆ ಕೇಳಿದ ಮೇಲೊಮ್ಮೆ, ಮಗು ಉತ್ತರ ನಿಲ್ಲಿಸಿದ ಮೇಲೆ ಇನ್ನೊಮ್ಮೆ. ಎರಡನೆಯದನ್ನು ನಾವು ಪೂರ್ತಿ ಮರೆತಿರುತ್ತೇವೆ. ಮಗುವಿನ ಒಳ್ಳೆಯ ಮಾತು ಬಹಳ ಸಲ ಆ ಎರಡನೇ ಮೌನದಲ್ಲೇ ಹೊರಬರುವುದು.

ಮಾಡುವ ಕ್ರಮ ಹೀಗೆ. ಪ್ರಶ್ನೆ ಮೊದಲು, ಹೆಸರು ಆಮೇಲೆ. ‘ರಮೇಶ, ಹೇಳಪ್ಪ’ ಎಂದು ಶುರು ಮಾಡಿದರೆ ಉಳಿದ ನಲವತ್ತನಾಲ್ಕು ಮಕ್ಕಳು ಅಲ್ಲೇ ನಿರಾಳ. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಐದರ ತನಕ ಎಣಿಸಿ. ಆಮೇಲೆ ರಫ್ ಪುಸ್ತಕದಲ್ಲಿ ಒಂದೇ ಒಂದು ಸಾಲು ಬರೆಯಲು ಹೇಳಿ, ಅರ್ಧ ನಿಮಿಷ ಪಕ್ಕದವರ ಜೊತೆ ಮಾತಾಡಲು ಬಿಡಿ. ನಂತರ ಹಾಜರಿ ಸಂಖ್ಯೆಗಳ ಚೀಟಿ ಇರುವ ಡಬ್ಬಿಯಿಂದ ಒಂದು ಎತ್ತಿ. ಒಟ್ಟು ಎರಡು ನಿಮಿಷವೂ ಆಗುವುದಿಲ್ಲ. ಸಾಲು ಬರೆಯಿಸದೆ ಮಾತಿಗೆ ಬಿಟ್ಟರೆ ಆ ಅರ್ಧ ನಿಮಿಷ ಕ್ರಿಕೆಟ್ಟಿಗೆ ಹೋಗುತ್ತದೆ. ಬರೆದದ್ದಿದ್ದರೆ ಎದ್ದು ನಿಂತ ಮಗುವಿಗೆ ಹಿಡಿದುಕೊಳ್ಳಲು ಏನೋ ಒಂದು ಇರುತ್ತದೆ, ಕೊನೆಗೆ ಅದನ್ನೇ ಓದಿ ಕೂತರೂ ಆಯಿತು.

ಚೀಟಿ ಎತ್ತುವುದು ಶಿಕ್ಷೆಯಂತೆ ಕಾಣುವ ಅಪಾಯ ಇದ್ದೇ ಇದೆ. ಅದಕ್ಕೇ ‘ಪಾಸ್’ ಎನ್ನುವ ಹಕ್ಕು ಇರಬೇಕು, ಆದರೆ ಪಾಸ್ ಎಂದವರ ಬಳಿಗೆ ಇನ್ನಿಬ್ಬರ ಉತ್ತರ ಕೇಳಿದ ಮೇಲೆ ಮರಳಿ ಬರಬೇಕು: ‘ಇವರಿಬ್ಬರಲ್ಲಿ ಯಾರ ಮಾತು ನಿನಗೆ ಸರಿ ಅನ್ನಿಸ್ತು?’ ಮರಳಿ ಬರದಿದ್ದರೆ ಪಾಸ್ ಎನ್ನುವುದು ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ, ಹದಿನೈದು ದಿನದಲ್ಲಿ ಹಿಂದಿನ ಬೆಂಚು ಪೂರ್ತಿ ಪಾಸ್ ಎನ್ನುತ್ತದೆ.

ಈ ವಿಧಾನ ಹಾಳಾಗುವುದು ಹೆಚ್ಚಾಗಿ ನಮ್ಮಿಂದಲೇ. ಮೌನ ಮೂರು ಸೆಕೆಂಡಾಗುವಷ್ಟರಲ್ಲಿ ನಮಗೇ ತಡೆಯಲಾಗದೆ ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿಬಿಡುತ್ತೇವೆ. ಮೊದಲ ಪ್ರಶ್ನೆಗೆ ಯೋಚಿಸುತ್ತಿದ್ದ ಮಗುವಿಗೆ ಈಗ ಎರಡು ಪ್ರಶ್ನೆ. ಇನ್ನೊಂದು, ಕಾಯುವುದು ಎಲ್ಲ ಪ್ರಶ್ನೆಗೂ ಒಪ್ಪುವುದಿಲ್ಲ. ‘ಕರ್ನಾಟಕ ಏಕೀಕರಣ ಆದದ್ದು ಯಾವಾಗ?’ ಎಂದು ಕೇಳಿ ಎಷ್ಟು ಕಾದರೂ 1956 ಎಂಬುದು ಗೊತ್ತಿದ್ದವರಿಗೆ ಗೊತ್ತು, ಇಲ್ಲದವರಿಗೆ ಇಲ್ಲ. ‘ಏಕೀಕರಣಕ್ಕೆ ಮುಂಚೆ ಧಾರವಾಡ ಮುಂಬೈಗೆ ಸೇರಿತ್ತು. ಆಗ ಧಾರವಾಡದ ರೈತನಿಗೆ ಸರ್ಕಾರಿ ಕಚೇರಿಯಲ್ಲಿ ಏನೇನು ತೊಂದರೆ ಆಗಿರಬಹುದು?’ ಎಂದು ಕೇಳಿದರೆ ಕಾಯುವುದಕ್ಕೆ ಅರ್ಥವಿದೆ. ಪಾಠಕ್ಕೆ ಇಂಥ ಎರಡು ಪ್ರಶ್ನೆ ಸಾಕು. ಎಲ್ಲವನ್ನೂ ಹೀಗೆ ಕೇಳಹೊರಟರೆ ಪೋರ್ಷನ್ ಮುಗಿಯುವುದಿಲ್ಲ, ಮುಗಿಯದಿದ್ದರೆ ಏನಾಗುತ್ತದೆ ಎಂದು ಎಲ್ಲ ಶಿಕ್ಷಕರಿಗೂ ಗೊತ್ತು.

ತಪ್ಪುತ್ತರದ ಮಾತಿಗೆ ಬರೋಣ. ‘ತಪ್ಪು, ಕೂತ್ಕೊ. ಮುಂದಿನವರು?’ ಎನ್ನುವುದರ ಬದಲು ‘ಹಾಗೆ ಯಾಕೆ ಅನ್ನಿಸ್ತು?’ ಎಂದು ಕೇಳಬೇಕು ಅಂತ ತರಬೇತಿಗಳಲ್ಲಿ ಹೇಳುತ್ತಾರೆ. ಸರಿಯೇ. ಆದರೆ ಆ ಪ್ರಶ್ನೆಯನ್ನು ತಪ್ಪುತ್ತರಕ್ಕೆ ಮಾತ್ರ ಕೇಳಿದರೆ ಮಕ್ಕಳು ವಾರದೊಳಗೆ ಗುಟ್ಟು ಹಿಡಿಯುತ್ತಾರೆ. ‘ಯಾಕೆ’ ಅಂದರೆ ತಪ್ಪು ಎಂದರ್ಥ! ಕೇಳಿದೊಡನೆ ಉತ್ತರ ಬದಲಿಸುತ್ತಾರೆ. ಸರಿಯುತ್ತರಕ್ಕೂ ಅಷ್ಟೇ ಸಲ, ಅದೇ ದನಿಯಲ್ಲಿ ಕೇಳಬೇಕು.

ಭಿನ್ನರಾಶಿಯ ಲೆಕ್ಕವನ್ನೇ ನೋಡಿ. 1/3 ಮತ್ತು 1/4 ಕೂಡಿಸಲು ಹೇಳಿದರೆ ಅರ್ಧ ತರಗತಿ 2/7 ಎಂದು ಬರೆಯುತ್ತದೆ. ಇದು ಅಜಾಗರೂಕತೆಯ ತಪ್ಪಲ್ಲ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸು ಎಂಬ ನಿಯಮವನ್ನು ಮಗು ತಾನೇ ಕಟ್ಟಿಕೊಂಡು ಚಾಚೂ ತಪ್ಪದೆ ಪಾಲಿಸಿದೆ. ಕೆಂಪು ಗೀಟು ಎಳೆದು ಪಕ್ಕದಲ್ಲಿ 7/12 ಎಂದು ಬರೆದರೆ ಆ ನಿಯಮ ತಲೆಯೊಳಗೆ ಹಾಗೇ ಕೂತಿರುತ್ತದೆ, ಮುಂದಿನ ಪರೀಕ್ಷೆಯಲ್ಲಿ ಮತ್ತೆ ಬರುತ್ತದೆ. ಬದಲಿಗೆ ‘ನಿನ್ನ ನಿಯಮದಲ್ಲೇ ಅರ್ಧ ರೊಟ್ಟಿಗೆ ಅರ್ಧ ರೊಟ್ಟಿ ಕೂಡಿಸಿ ತೋರಿಸು’ ಎನ್ನಿ. 1/2ಕ್ಕೆ 1/2 ಸೇರಿಸಿದರೆ 2/4, ಅಂದರೆ ಮತ್ತೆ ಅರ್ಧವೇ. ಅರ್ಧಕ್ಕೆ ಅರ್ಧ ಸೇರಿಸಿದರೂ ಅರ್ಧವೇ ಉಳಿಯಿತಲ್ಲ ಎಂದು ಮಗುವಿಗೇ ನಗು ಬರುತ್ತದೆ. ತನ್ನ ತಪ್ಪನ್ನು ತಾನೇ ಹಿಡಿದ ಮಗು ಬೋರ್ಡಿನ ಮುಂದಿನಿಂದ ಗೆದ್ದವರ ಹಾಗೆ ಹೋಗಿ ಕೂರುತ್ತದೆ. ನಾವು ಹಿಡಿದಿದ್ದರೆ ತಲೆ ತಗ್ಗಿಸಿ ಹೋಗಿರುತ್ತಿತ್ತು.

ಭಾಷೆಯ ವಿಷಯದಲ್ಲಿ ನಮ್ಮ ಹಳೇ ಮೈಸೂರು ಕಡೆ ಶಿಕ್ಷಕರೇ ಮಕ್ಕಳ ಬಾಯಿ ಕಟ್ಟುವುದಿದೆ. ಮಂಡ್ಯ, ಚಾಮರಾಜನಗರ ಕಡೆಯ ಮಗು ‘ಆಲು ತಂದೆ ಸಾರ್’ ಎಂದರೆ ತರಗತಿ ಗೊಳ್ಳೆಂದು ನಗುತ್ತದೆ, ಶಿಕ್ಷಕರೂ ನಕ್ಕು ‘ಆಲು ಅಲ್ಲ ಕಣೋ, ಹಾಲು’ ಎಂದು ತಿದ್ದುತ್ತಾರೆ. ಆಲೂಗಡ್ಡೆಯ ಜೋಕು ಒಂದು ವಾರ ನಡೆಯುತ್ತದೆ. ಮಗು ಹಕಾರ ಕಲಿಯುವುದಿಲ್ಲ, ಮಾತಾಡದಿರುವುದನ್ನು ಕಲಿಯುತ್ತದೆ. ಮನೆಯಲ್ಲಿ ಉರ್ದು, ಲಂಬಾಣಿ, ತಮಿಳು, ಸೋಲಿಗ ನುಡಿ ಆಡಿ ಬಂದ ಮಗುವಿಗಂತೂ ಕಷ್ಟ ದುಪ್ಪಟ್ಟು. ಮಾತಿನ ನಡುವೆ ತಿದ್ದಬಾರದು ಎಂಬ ಒಂದೇ ನಿಯಮ ಇಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಉಚ್ಚಾರಣೆಗೆ ಬೇರೆಯೇ ಸಮಯ ಇಡಿ. ಪೀರಿಯಡ್ಡಿನ ಕೊನೆಯ ಮೂರು ನಿಮಿಷ, ಇಡೀ ತರಗತಿ ಒಟ್ಟಿಗೆ, ಆಡು-ಹಾಡು, ಆಳು-ಹಾಳು, ಅರಿ-ಹರಿ, ಒಡೆ-ಹೊಡೆ ಎಂದು ಜೋಡಿ ಪದ ಓದಲಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೇಳಿದರೆ ಹಕಾರಕ್ಕೆ ಉಸಿರು ಅಂಗೈಗೆ ತಾಗುತ್ತದೆ, ಅಕಾರಕ್ಕೆ ಅಷ್ಟು ತಾಗುವುದಿಲ್ಲ. ಯಾರೊಬ್ಬರ ತಪ್ಪೂ ಅಲ್ಲಿ ಎದ್ದು ಕಾಣುವುದಿಲ್ಲ. ಬರವಣಿಗೆಯಲ್ಲಿ ತಿದ್ದುವುದು ಇದ್ದೇ ಇದೆ. ಮಾತಿನಲ್ಲಿ ಮಗು ತನ್ನೂರಿನ ಕನ್ನಡ ಆಡಿದರೆ ನಷ್ಟವೇನೂ ಇಲ್ಲ.

ನಮ್ಮದೇ ರಾಜ್ಯದಲ್ಲಿ ಹುಟ್ಟಿದ ಒಂದು ಒಳ್ಳೆಯ ಮಾದರಿಯನ್ನು ಇಲ್ಲಿ ನೆನೆಯಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಕೂತು, ರಿಷಿ ವ್ಯಾಲಿ ಶಾಲೆಯ ಪ್ರಯೋಗ ನೋಡಿಬಂದು, ಯುನಿಸೆಫ್ ನೆರವಿನಿಂದ ರೂಪಿಸಿದ, ಒಂದರಿಂದ ಮೂರನೇ ತರಗತಿಯ ಮಕ್ಕಳ ನಲಿ-ಕಲಿ ಪದ್ಧತಿ ಅದು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು, ಸಹಾಯದ ಮಟ್ಟಕ್ಕೆ ತಕ್ಕಂತೆ ತಟ್ಟೆ ಎಂದು ಹೆಸರಿಟ್ಟ ಗುಂಪುಗಳು. ಇದರಲ್ಲಿ ಮಗು ತನ್ನ ಕಾರ್ಡನ್ನು ತಾನೇ ಹುಡುಕಿ ತೆಗೆಯುತ್ತದೆ, ನೆಲದ ಮೇಲೆ ವೃತ್ತಾಕಾರ ಕೂರುತ್ತದೆ, ಸಹಪಾಠಿಯನ್ನು ಕೇಳಿ ಕಲಿಯುತ್ತದೆ, ಬರೆದ ಚಿತ್ರ ತಲೆಯ ಮೇಲಿನ ದಾರದ ಚಪ್ಪರದಲ್ಲಿ ತೂಗುತ್ತದೆ. ಪಕ್ಕದವರನ್ನು ಕೇಳುವುದು ಅಲ್ಲಿ ಕಲಿಕೆಯ ಭಾಗ. ನಾಲ್ಕನೇ ತರಗತಿಗೆ ಬಂದೊಡನೆ ಏಣಿ ಹೋಗುತ್ತದೆ, ಬೆಂಚು ಬರುತ್ತದೆ, ಪಕ್ಕದವರನ್ನು ಕೇಳಿದರೆ ಅದು ಕಾಪಿ. ನಿನ್ನೆಯ ತನಕ ಎದ್ದು ಓಡಾಡಿ ಕಲಿಯುತ್ತಿದ್ದ ಮಗು ಇವತ್ತು ಕೈಕಟ್ಟಿ ಕೂತಿದೆ. ನಲಿ-ಕಲಿಯ ಮೇಲೆ ಓದು-ಬರಹ ಹಿಂದುಳಿಯುತ್ತದೆ ಎಂಬ ದೂರುಗಳಿವೆ, ಕಾರ್ಡುಗಳನ್ನು ಯಾಂತ್ರಿಕವಾಗಿ ದಾಟಿಸಿದ ಕಡೆ ಆ ದೂರು ನಿಜ ಕೂಡ. ಅದೇನೇ ಇರಲಿ, ಕೇಳುವ ಧೈರ್ಯವನ್ನು ಅದು ಕೊಟ್ಟಿತ್ತು. ನಾಲ್ಕರಲ್ಲಿ ಅದನ್ನು ಉಳಿಸಿಕೊಳ್ಳಲು ಪೂರ್ತಿ ಪದ್ಧತಿ ಬೇಕಿಲ್ಲ. ದಿನಕ್ಕೊಂದು ಪೀರಿಯಡ್ ವೃತ್ತಾಕಾರ ಕೂರಿಸಿದರೂ, ಚಪ್ಪರದ ದಾರವನ್ನು ನಾಲ್ಕನೇ ತರಗತಿಯ ಕೊಠಡಿಗೂ ಕಟ್ಟಿದರೂ ಸಾಕು.

ಬೆಳಗಿನ ಪ್ರಾರ್ಥನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರ್ತೆ, ಪಂಚಾಂಗ, ನುಡಿಮುತ್ತು ಓದುವವರು ವರ್ಷವಿಡೀ ಅವರೇ ಆಗದಂತೆ ಹಾಜರಿ ಪುಸ್ತಕದ ಕ್ರಮದಲ್ಲಿ, ಇಬ್ಬಿಬ್ಬರಾಗಿ ಕಳಿಸಿ. ಹಿಂದಿನ ದಿನವೇ ಪತ್ರಿಕೆ ಕೊಟ್ಟು ಒಂದೇ ಸುದ್ದಿಯನ್ನು ಸ್ವಂತ ಮಾತಿನಲ್ಲಿ ಮೂರು ವಾಕ್ಯ ಮಾಡಿಕೊಂಡು ಬರಲು ಹೇಳಿ. ತೀರಾ ಹಿಂಜರಿಯುವ ಮಗುವನ್ನು ನೇರವಾಗಿ ಮೈಕಿನ ಮುಂದೆ ನಿಲ್ಲಿಸಬೇಡಿ. ಮೊದಲು ಕೂತಲ್ಲಿಂದಲೇ, ಆಮೇಲೆ ನಿಂತು, ಆಮೇಲೆ ಬೋರ್ಡಿನ ಬಳಿ, ಕೊನೆಗೆ ಪ್ರಾರ್ಥನೆಯಲ್ಲಿ. ಒಂದೊಂದು ಮೆಟ್ಟಿಲಿಗೂ ಎರಡು ಮೂರು ವಾರ ಹಿಡಿದರೆ ಹಿಡಿಯಲಿ.

ನನ್ನ ವಿಷಯ ಕನ್ನಡ, ಹೀಗಾಗಿ ಬರವಣಿಗೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹತ್ತನೇ ತರಗತಿಯ ಯಾವುದೇ ಉತ್ತರಪತ್ರಿಕೆಯ ಕಟ್ಟು ಬಿಚ್ಚಿ, ಗಾದೆ ವಿಸ್ತರಣೆಯ ಪುಟ ತೆರೆಯಿರಿ. ‘ಗಾದೆಗಳು ವೇದಗಳಿಗೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಗಾದೆಗಳು ಹಿರಿಯರ ಅನುಭವದ ನುಡಿಮುತ್ತುಗಳು.’ ಗಾದೆ ಯಾವುದೇ ಬರಲಿ, ಈ ಮೂರು ವಾಕ್ಯ ಖಾಯಂ. ಪ್ರಬಂಧವಾದರೆ ಪೀಠಿಕೆ, ವಿಷಯ ವಿಸ್ತರಣೆ, ಉಪಸಂಹಾರ ಎಂಬ ಮೂರು ತಲೆಬರಹ, ಪರಿಸರ ಮಾಲಿನ್ಯಕ್ಕೂ ರಾಷ್ಟ್ರೀಯ ಹಬ್ಬಕ್ಕೂ ಒಂದೇ ಉಪಸಂಹಾರ. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಪೀಠಿಕೆಗೆ ಇಷ್ಟು, ವಿಸ್ತರಣೆಗೆ ಇಷ್ಟು ಎಂದು ಅಂಕ ಹಂಚಿಕೊಂಡು ಮೌಲ್ಯಮಾಪನಕ್ಕೆ ಕೂರುವವರು ನಾವೇ. ಗೈಡಿನ ವಾಕ್ಯ ಬರೆದರೆ ಅಂಕ ಗ್ಯಾರಂಟಿ, ಸ್ವಂತದ್ದು ಬರೆದರೆ ಮೌಲ್ಯಮಾಪಕರ ಮನಸ್ಸು. ಜಾಣ ಮಕ್ಕಳು ಯಾವುದನ್ನು ಆರಿಸುತ್ತಾರೆ ಎಂದು ಬಿಡಿಸಿ ಹೇಳಬೇಕೆ?

ಎಂಟನೇ ತರಗತಿಯಿಂದಲೇ ಹೀಗೆ ಮಾಡಬಹುದು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ಕೊಟ್ಟು, ವಿಸ್ತರಿಸಿ ಎನ್ನುವ ಬದಲು ‘ಈ ಗಾದೆ ನಿಜವಾದದ್ದು ಒಂದು, ಸುಳ್ಳಾದದ್ದು ಒಂದು, ನಿಮ್ಮ ಕಣ್ಣಾರೆ ಕಂಡದ್ದು ಬರೆಯಿರಿ’ ಎನ್ನಿ. ಕೂಲಿಗೆ ನಾಟಿ ಹಾಕಲು ಹೋಗುವ ತಾಯಿಯ ಮಗಳು ‘ಕೈ ಕೆಸರಾಗೋದು ನಮ್ಮವ್ವಂದು, ಮೊಸರು ಗದ್ದೆಯವರ ಮನೇಲಿ’ ಎಂದು ಬರೆದರೆ ಅದಕ್ಕಿಂತ ಚೆನ್ನಾದ ವಿಸ್ತರಣೆ ಯಾವ ಗೈಡಿನಲ್ಲಿದೆ? ಗಾದೆಯನ್ನೇ ಪ್ರಶ್ನೆ ಮಾಡಬಹುದು ಎಂದು ಗೊತ್ತಾದ ಮೇಲೆ ಆ ಮಗುವಿನ ಕೈಬರಹದ ಗಾತ್ರವೂ ಬದಲಾಗುತ್ತದೆ. ತಮಾಷೆಗೆ ಹೇಳುತ್ತಿಲ್ಲ, ಅನುಮಾನದಿಂದ ಬರೆಯುವ ಮಕ್ಕಳು ಅಕ್ಷರವನ್ನು ಸಣ್ಣಗೆ, ಓದಲಾಗದಂತೆ ಬರೆಯುತ್ತಾರೆ.

ಪ್ರಬಂಧಕ್ಕೂ ಹಾಗೆಯೇ. ‘ಸಂತೆ’ ಎಂಬ ವಿಷಯವನ್ನು ನಾಲ್ಕು ದಿನಕ್ಕೆ ಹಂಚಿ. ಮೊದಲ ದಿನ ಹತ್ತು ನಿಮಿಷ, ಬರೀ ಪಟ್ಟಿ: ಸಂತೆಯಲ್ಲಿ ಕೇಳಿದ ಐದು ಸದ್ದು, ಮೂರು ವಾಸನೆ, ಯಾರೋ ಆಡಿದ ಎರಡು ಮಾತು. ವಾಕ್ಯ ಬೇಡ. ಎರಡನೇ ದಿನ ಹದಿನೈದು ನಿಮಿಷ, ಪಟ್ಟಿಯಿಂದ ಮೂರನ್ನು ಆರಿಸಿಕೊಂಡು ಬರವಣಿಗೆ. ‘ತುಂಬಾ’, ‘ಸುಂದರ’, ‘ಬಹಳ ಮುಖ್ಯ’ ಈ ಮೂರು ಪದಕ್ಕೆ ಅವತ್ತು ನಿಷೇಧ. ‘ಸಾರ್, ಎಷ್ಟು ಸಾಲು ಬರೀಬೇಕು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕನಿಷ್ಠ ಹೇಳಬೇಡಿ, ‘ಹತ್ತು ಸಾಲು ಮೀರುವ ಹಾಗಿಲ್ಲ’ ಎನ್ನಿ, ಹನ್ನೆರಡು ಬರೆದುಕೊಂಡು ಅನುಮತಿ ಕೇಳಲು ಬರುತ್ತಾರೆ. ಮೂರನೇ ದಿನ ಪಕ್ಕದವರಿಗೆ ಓದಿ ಹೇಳಬೇಕು. ಕೇಳಿದವರು ಹೊಗಳುವುದೂ ಬೇಡ, ತೆಗಳುವುದೂ ಬೇಡ, ಒಂದು ಪ್ರಶ್ನೆ ಕೇಳಲಿ: ‘ಆ ಅಜ್ಜಿ ಟೊಮೆಟೊನ ವಾಪಸ್ ಬುಟ್ಟಿಗೆ ಯಾಕೆ ಹಾಕಿದ್ಲು?’ ಅದರ ಉತ್ತರವನ್ನು ಬರಹದೊಳಗೆ ಸೇರಿಸಬೇಕು. ನಾಲ್ಕನೇ ದಿನ ಚೊಕ್ಕವಾಗಿ ಪ್ರತಿ ಮಾಡುವುದು.

ಇದರಲ್ಲಿ ಎಡವುವ ಜಾಗಗಳಿವೆ. ಶುರುವಿನಲ್ಲೇ ಒಂದು ಮಾದರಿ ಓದಿಬಿಟ್ಟರೆ ನಲವತ್ತು ಪುಸ್ತಕದಲ್ಲೂ ಅದೇ ಅಜ್ಜಿ, ಅದೇ ಟೊಮೆಟೊ. ಮಾದರಿ ಓದುವುದಾದರೆ ಎರಡನೇ ದಿನದ ಬರಹ ಮುಗಿದ ಮೇಲೆ, ಅದೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು. ಅಕ್ಷರ ಇನ್ನೂ ಕೈಗೆ ಹತ್ತದ ಮಗು ಇದ್ದರೆ ಅದು ಬಾಯಲ್ಲಿ ಹೇಳಲಿ, ಪಕ್ಕದವರು ಬರೆದುಕೊಳ್ಳಲಿ, ನಂತರ ತನ್ನದೇ ವಾಕ್ಯವನ್ನು ತಾನು ನೋಡಿ ಬರೆಯಲಿ. ಬೋರ್ಡಿನ ಮೇಲಿನದನ್ನು ನಕಲು ಮಾಡುವುದಕ್ಕಿಂತ ಇದು ಬೇಗ ಹತ್ತುತ್ತದೆ. ‘ನನ್ನ ತಂದೆ’, ‘ನಮ್ಮ ಮನೆಯ ಹಬ್ಬ’ದಂಥ ವಿಷಯವನ್ನು ಒಂದೇ ಆಯ್ಕೆಯಾಗಿ ಕೊಡಬಾರದು. ಅಪ್ಪ ಇಲ್ಲದ, ಹಬ್ಬ ಮಾಡದ ಮನೆಯ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಮೂರು ವಿಷಯ ಕೊಟ್ಟು ಒಂದು ಆರಿಸಲು ಬಿಡಿ.

ತಿದ್ದುವುದು ಹೇಗೆ? ಇಪ್ಪತ್ತು ಸಾಲಿನ ಬರಹಕ್ಕೆ ನಲವತ್ತು ಕೆಂಪು ಗುರುತು ಬಿದ್ದರೆ ಮಗು ಮುಂದಿನ ಸಲ ತನಗೆ ಕಾಗುಣಿತ ಖಚಿತವಿರುವ ಪದಗಳಲ್ಲೇ ಬರೆಯುತ್ತದೆ. ವಾಕ್ಯ ಕುಗ್ಗುತ್ತವೆ, ವಿಷಯ ಕುಗ್ಗುತ್ತದೆ, ತಪ್ಪೂ ಕುಗ್ಗುತ್ತದೆ, ನಾವು ಸುಧಾರಣೆ ಎಂದುಕೊಳ್ಳುತ್ತೇವೆ. ತಿಂಗಳಿಗೆ ಒಂದೆರಡು ಬಗೆಯ ತಪ್ಪು ಮಾತ್ರ ಹಿಡಿಯಿರಿ. ಜುಲೈನಲ್ಲಿ ಒತ್ತಕ್ಷರ, ಆಗಸ್ಟಿನಲ್ಲಿ ಮಹಾಪ್ರಾಣ. ಅದನ್ನು ಮಕ್ಕಳಿಗೂ ಮೊದಲೇ ಹೇಳಿ. ಮೊದಲ ಕರಡಿಗೆ ಅಂಕ ಹಾಕಬೇಡಿ, ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಿರಿ. 1988ರಲ್ಲಿ ಇಸ್ರೇಲಿನ ರೂತ್ ಬಟ್ಲರ್ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಪಡೆದ ಮಕ್ಕಳು ಆಸಕ್ತಿ ಉಳಿಸಿಕೊಂಡು ಮುಂದುವರಿದರು. ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಿಗೆ ಟಿಪ್ಪಣಿಯಿಂದ ಆ ಲಾಭ ಆಗಲಿಲ್ಲ. ಅಂಕ ಕಂಡ ಮೇಲೆ ಟಿಪ್ಪಣಿ ಓದುವವರು ಯಾರು? ದೊಡ್ಡವರೂ ಹಾಗೆಯೇ.

ಸಮಯ ಎಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ, ನ್ಯಾಯವೇ. ಬಿಎಲ್‌ಒ (ಮತದಾರರ ಪಟ್ಟಿಯ) ಕೆಲಸ, ಬಿಸಿಯೂಟದ ಮೊಟ್ಟೆಯ ಲೆಕ್ಕ, ಇಲಾಖೆಯ ವಿದ್ಯಾರ್ಥಿ ಮಾಹಿತಿ ಜಾಲತಾಣ ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬುವುದು ಯಾವುದೂ ತಪ್ಪಿದ್ದಲ್ಲ. 45 ಪುಸ್ತಕಕ್ಕೆ ಮೂರು ನಿಮಿಷದಂತೆ ಹಿಡಿದರೆ 135 ನಿಮಿಷ, ಒಂದೇ ದಿನ ಅಸಾಧ್ಯ. ದಿನಕ್ಕೆ ಒಂಬತ್ತರಂತೆ ನೋಡಿದರೆ 27 ನಿಮಿಷ, ಐದು ದಿನದಲ್ಲಿ ಇಡೀ ತರಗತಿ. ಅದೂ ಕಷ್ಟವಾದರೆ ವಾರ ಬಿಟ್ಟು ವಾರ ಮಾಡಿ. ಎಲ್ಲ ಪುಸ್ತಕಕ್ಕೂ ‘ನೋಡಿದೆ’ ಎಂದು ಸಹಿ ಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ಚಿತ್ರಕಲೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನಮರ, ಒಂದು ಗುಡಿಸಲು. ಬೆಟ್ಟವೇ ಕಾಣದ ಬಯಲಿನ ಊರಿನ ಮಗುವೂ ಅದನ್ನೇ ಬರೆಯುತ್ತದೆ, ಯಾಕೆಂದರೆ ಬೋರ್ಡಿನ ಮೇಲೆ ಯಾರೋ ಒಮ್ಮೆ ಅದನ್ನು ಬರೆದು ‘ಹೀಗೇ ಬರೀರಿ’ ಎಂದಿದ್ದರು. ಈ ಚಾಳಿ ಬಿಡಿಸಲು ಒಂದು ಉಪಾಯ: ಪ್ರತಿ ಮಗುವಿಗೂ ಎ4 ಹಾಳೆಯ ಅರ್ಧ ಕೊಡಿ, ಪೂರ್ತಿ ಹಾಳೆಯ ಖಾಲಿ ಬಿಳುಪು ಹೆದರಿಸುತ್ತದೆ. ರಬ್ಬರ್ ಬೇಡ. ಒಂದು ಹೊಂಗೆ ಎಲೆಯೋ ತನ್ನದೇ ಚಪ್ಪಲಿಯೋ ಎದುರಿಗಿಟ್ಟು, ಹಾಳೆ ನೋಡದೆ ವಸ್ತುವನ್ನೇ ನೋಡುತ್ತ ಅಂಚಿನ ಗೆರೆ ಎಳೆಯಲಿ. ಐದು ನಿಮಿಷದಲ್ಲಿ ಎಲ್ಲರ ಚಿತ್ರವೂ ಸೊಟ್ಟ, ‘ಚೆನ್ನಾಗಿ ಬರೆಯುವ’ ಮಗುವಿನದೂ ಸೊಟ್ಟ, ಎಲ್ಲರೂ ನಗುತ್ತಾರೆ. ಆಮೇಲೆ ಇನ್ನೊಂದು ಅರ್ಧ ಹಾಳೆಯಲ್ಲಿ ನೋಡಿಕೊಂಡು ಬರೆಯಲು ಬಿಡಿ. ಚಪ್ಪಲಿಯ ಸವೆದ ಹಿಮ್ಮಡಿ, ಹೊಲಿಗೆ ಬಿಚ್ಚಿದ ಬಾರು ಎಲ್ಲ ಹಾಳೆಗೆ ಬಂದಿರುತ್ತವೆ.

ವಿಜ್ಞಾನ ವಸ್ತುಪ್ರದರ್ಶನದಲ್ಲಿ ಅಂಗಡಿಯಿಂದ ತಂದ ಥರ್ಮಾಕೋಲ್ ಜ್ವಾಲಾಮುಖಿ, ಜೆರಾಕ್ಸ್ ಅಂಗಡಿಯವರು ತೆಗೆದುಕೊಟ್ಟ ಪ್ರಾಜೆಕ್ಟ್ ಇವು ಮಗುವಿನ ಕೈ ಸೋಕಿದವೇ ಅಲ್ಲ. ಏಳು ಸೆಂ.ಮೀ. ಅಗಲ, ಇಪ್ಪತ್ತು ಸೆಂ.ಮೀ. ಉದ್ದದ ಕಾಗದದ ಪಟ್ಟಿಯನ್ನು ಮೇಲಿನಿಂದ ಅರ್ಧದವರೆಗೆ ನಡುವೆ ಸೀಳಿ, ಎರಡು ರೆಕ್ಕೆಗಳನ್ನು ಎದುರುಬದುರು ಮಡಚಿ, ಕೆಳಭಾಗವನ್ನು ಸಣ್ಣದಾಗಿ ಮಡಚಿ ಒಂದು ಜೆಮ್ ಕ್ಲಿಪ್ ಸಿಕ್ಕಿಸಿದರೆ ತಿರುಗುತ್ತ ಇಳಿಯುವ ಹೆಲಿಕಾಪ್ಟರ್. ಮಾಡಿಸಿ ಮುಗಿಸಬೇಡಿ, ‘ಇದರಲ್ಲಿ ಒಂದನ್ನು ಮಾತ್ರ ಬದಲಿಸಿ, ಏನಾಗುತ್ತದೆ ಎಂದು ಮೊದಲೇ ಬರೆದಿಟ್ಟು ಆಮೇಲೆ ಬಿಡಿ’ ಎನ್ನಿ. ಕ್ಲಿಪ್ ಎರಡಾದರೆ? ರೆಕ್ಕೆ ಮೋಟಾದರೆ? ರೆಕ್ಕೆಗಳ ಮಡಿಕೆ ಅದಲುಬದಲಾದರೆ ತಿರುಗುವ ದಿಕ್ಕು? ಒಂದೇ ಸಲ ಎರಡನ್ನು ಬದಲಿಸಿದವರಿಗೆ ಯಾವುದರಿಂದ ಏನಾಯಿತೆಂದು ಹೇಳಲಾಗುವುದಿಲ್ಲ. ಆ ಸೋಲು ಅವರ ಮುಂದೆಯೇ ಆಗಲಿ, ನಾವು ಮೊದಲೇ ತಡೆಯುವುದು ಬೇಡ.

ಹೊಗಳಿಕೆಯ ಬಗ್ಗೆ ಒಂದು ಮಾತು. ‘ಜಾಣ’, ‘ಜಾಣೆ’ ಎನ್ನುವುದನ್ನು ಕಡಿಮೆ ಮಾಡಿದಷ್ಟೂ ಒಳ್ಳೆಯದು. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿವಂತರೆಂದು ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಮುಂದೆ ಸುಲಭದ ಲೆಕ್ಕವನ್ನೇ ಆರಿಸಿದರು, ಸೋತೊಡನೆ ಬೇಗ ಕೈಚೆಲ್ಲಿದರು. ಶ್ರಮವನ್ನು ಹೊಗಳಿಸಿಕೊಂಡವರು ಕಷ್ಟದ್ದನ್ನು ಆರಿಸಿದರು. ಜಾಣ ಎಂಬ ಬಿರುದು ಬಂದ ಮೇಲೆ ಅದನ್ನು ಕಳೆದುಕೊಳ್ಳುವ ಭಯ. ‘ಮೂರನೇ ಸಾಲಿನಲ್ಲಿ ಬಸ್ಸಿನ ಕಂಡಕ್ಟರ್ ಮಾತನ್ನು ಹಾಗೇ ಬರೆದಿದ್ದೀಯ, ಅದು ಕೇಳಿಸಿದಂತಾಯಿತು’ ಎಂದು ಏನು ಚೆನ್ನಾಗಿದೆಯೋ ಅದನ್ನೇ ಹೇಳಿ. ಮನೆಯಲ್ಲಿ ತಂದೆ-ತಾಯಂದಿರೂ ಇದನ್ನು ಮಾಡಬಹುದು. ಪಕ್ಕದ ಮನೆಯವರ ಮಗಳ ಅಂಕವನ್ನು ಊಟದ ಹೊತ್ತಿಗೆ ಎತ್ತದಿದ್ದರೆ ಇನ್ನೂ ಉಪಕಾರ.

ಇದೆಲ್ಲ ಆದರ್ಶದ ಮಾತು ಎನ್ನುವವರಿಗೆ ನೆನಪಿಸಬೇಕಾದ್ದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 29ನೇ ಸೆಕ್ಷನ್ ಮಗುವನ್ನು ಭಯ, ಆತಂಕಗಳಿಂದ ಬಿಡಿಸಿ ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎನ್ನುತ್ತದೆ. ಅಂದರೆ ಮಗು ಬಾಯಿ ಬಿಡುವಂತೆ ಮಾಡುವುದು ನಮ್ಮ ಕೆಲಸದ ಪಟ್ಟಿಯಲ್ಲಿ ಕಾನೂನಿನಂತೆಯೇ ಇದೆ.

ಕೊನೆಯದಾಗಿ ಎರಡು ವಿನಂತಿ. ಪ್ರತಿಭಾ ಕಾರಂಜಿಯ ಆಶುಭಾಷಣಕ್ಕೆ ವಿಷಯದ ಬದಲು ಚೀಲದಿಂದ ಒಂದು ವಸ್ತು ಎತ್ತಿಸಲಿ. ಒಂದು ಬೀಗ, ಹರಿದ ಬಸ್ ಟಿಕೆಟ್, ಖಾಲಿ ಬೆಂಕಿಪೊಟ್ಟಣ ಹೀಗೆ ಏನಾದರೂ. ಎರಡು ನಿಮಿಷ ಯೋಚನೆ, ಎರಡು ನಿಮಿಷ ಮಾತು. ಬೆಂಕಿಪೊಟ್ಟಣಕ್ಕೆ ಭಾಷಣ ಬರೆದುಕೊಡುವವರು ಇನ್ನೂ ಹುಟ್ಟಿಲ್ಲ. ಕ್ಲೇ ಮಾಡೆಲಿಂಗ್‌ಗೂ ವಿಷಯವನ್ನು ಅಲ್ಲೇ ಕೊಡಲಿ.

ಎರಡನೆಯದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ. ಗಾದೆ ವಿಸ್ತರಣೆ ಮತ್ತು ಪ್ರಬಂಧದ ಮಾದರಿ ಉತ್ತರದ ಕೆಳಗೆ ‘ಸಿದ್ಧ ಪೀಠಿಕೆ ಇಲ್ಲದಿದ್ದರೂ, ಗಾದೆಯನ್ನು ಒಪ್ಪದೆ ಬರೆದಿದ್ದರೂ, ಸ್ವಂತ ಉದಾಹರಣೆಯಿಂದ ವಿವರಿಸಿದ್ದರೆ ಪೂರ್ಣ ಅಂಕ ನೀಡಬಹುದು’ ಎಂದು ಒಂದು ಸಾಲನ್ನು ಸ್ಪಷ್ಟವಾಗಿ ಅಚ್ಚು ಹಾಕಿಸಬೇಕು. ಮಾದರಿ ಪ್ರಶ್ನೆಪತ್ರಿಕೆ ಹೊರಬೀಳುವ ಮೊದಲೇ ಇದಾದರೆ ಒಳ್ಳೆಯದು, ಗೈಡುಗಳು ಅಚ್ಚಿಗೆ ಹೋಗುವುದು ಅದನ್ನು ನೋಡಿಕೊಂಡೇ.

ಇತಿ,
ಪ್ರೌಢಶಾಲೆಯ ಕನ್ನಡ ಶಿಕ್ಷಕರೊಬ್ಬರು
ಮಂಡ್ಯ ಜಿಲ್ಲೆ